ಗೀಸರ್ ಹಾಕಿದ ಹತ್ತು ನಿಮಿಷಕ್ಕೆ ಆರ್‌ಸಿಸಿಬಿ ಬೀಳುತ್ತಿದೆ, ಅರ್ಥಿಂಗ್ ತೆಗೆಸಬಹುದೇ?

ವಾಘೋಲಿ_ಬಿ_ವಿಂಗ್:

ಎಲ್ಲರಿಗೂ ನಮಸ್ಕಾರ. ಪುಣೆಯ ವಾಘೋಲಿಯಲ್ಲಿ ಫ್ಲ್ಯಾಟ್. ಬಾತ್‌ರೂಮಿನಲ್ಲಿ 15 ಲೀಟರಿನ, 2000 ವ್ಯಾಟಿನ ಸ್ಟೋರೇಜ್ ಗೀಸರ್ ಇದೆ. ಗ್ಲಾಸ್ ಲೈನ್ಡ್ ಟ್ಯಾಂಕು, ಆರು ವರ್ಷ ಹಳೆಯದು. ಸೊಸೈಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಮೀಟರ್ 900ರ ಆಸುಪಾಸು ತೋರಿಸುತ್ತದೆ.

ತೊಂದರೆ ಒಂದಲ್ಲ. ಸ್ವಿಚ್ ಹಾಕಿದ ಎಂಟು ಹತ್ತು ನಿಮಿಷಕ್ಕೆ ಮೇನ್ ಬೋರ್ಡಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಬಿದ್ದು ಇಡೀ ಮನೆಯ ಕರೆಂಟ್ ಹೋಗುತ್ತದೆ. ಗೀಸರಿನ ಎಂಸಿಬಿ ಮಾತ್ರ ನಿಂತೇ ಇರುತ್ತದೆ. ಕೆಲವು ಸಲ ಗೀಸರಿನ ಸ್ವಿಚ್ ಆಫ್ ಇದ್ದಾಗಲೂ ಆರ್‌ಸಿಸಿಬಿ ಬೀಳುತ್ತದೆ, ಇದು ಹೇಗೆ ಅಂತಲೇ ಅರ್ಥವಾಗುತ್ತಿಲ್ಲ. ಕಾಯುವಾಗ ಒಳಗಿಂದ ಕಟಕಟ ಸದ್ದು ಬರುತ್ತದೆ. ಮೊದಲು ಎರಡು ಬಕೆಟ್ ಬಿಸಿನೀರು ಸಿಗುತ್ತಿತ್ತು, ಈಗ ಒಂದು ತುಂಬಿ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಕೆಳಗಿನ ವಾಲ್ವಿನಿಂದ ಹನಿಯೂ ಬೀಳುತ್ತಿದೆ.

ಬಂದು ನೋಡಿದ ಎಲೆಕ್ಟ್ರಿಷಿಯನ್ "ಗೀಸರಿನ ಅರ್ಥಿಂಗ್ ವೈರ್ ಬಿಚ್ಚಿಬಿಡೋಣ, ಟ್ರಿಪ್ ಆಗೋದು ನಿಲ್ಲುತ್ತೆ" ಅಂದಿದ್ದಾರೆ. ಪಕ್ಕದ ಮನೆಯವರು ಇದನ್ನೆಲ್ಲ ತೆಗೆದು ಗ್ಯಾಸ್ ಗೀಸರ್ ಹಾಕಿಸಿ ಅನ್ನುತ್ತಾರೆ. ಅಡುಗೆಮನೆಗೆ ಪೈಪ್ ಗ್ಯಾಸ್ ಬಂದಿದೆ. ಯಾವುದು ಸರಿ?


ಕರ್ವೆನಗರ_ಎಲೆಕ್ಟ್ರಿಕಲ್:

ಅರ್ಥಿಂಗ್ ಬಿಚ್ಚಲು ಬಿಡಬೇಡಿ ಸರ್. ಮುಂದಿನದನ್ನು ಓದುವ ಮೊದಲು ಗೀಸರಿನ ಪ್ಲಗ್ಗನ್ನು ಸಾಕೆಟ್ಟಿನಿಂದ ಎಳೆದಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಯಾಕೆಂದು ಹೇಳುತ್ತೇನೆ.

ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತೇ ಎಂದು ನೋಡುವುದೇ ಆರ್‌ಸಿಸಿಬಿಯ ಕೆಲಸ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪಿನದು, 15ರಿಂದ 30ರ ನಡುವೆ ಎಲ್ಲೋ ಬೀಳುತ್ತದೆ. ನಿಮ್ಮಲ್ಲಿ ಅಷ್ಟು ಕರೆಂಟು ನೀರು ಕಾಯಿಸುವ ಕಾಯಿಲ್‌ನಿಂದ ಟ್ಯಾಂಕಿನ ಮೈಗೆ, ಅಲ್ಲಿಂದ ಅರ್ಥಿಗೆ ಸೋರುತ್ತಿದೆ. ಅರ್ಥ್ ವೈರ್ ತೆಗೆದರೆ ಸೋರುವ ಜಾಗ ಹಾಗೇ ಉಳಿಯುತ್ತದೆ, ಕರೆಂಟು ಸುರಕ್ಷಿತವಾಗಿ ಹೋಗುತ್ತಿದ್ದ ದಾರಿ ಮಾತ್ರ ಮುಚ್ಚುತ್ತದೆ. ಟ್ಯಾಂಕಿನ ಮೈಗೆ ಕರೆಂಟು ಹತ್ತಿಕೊಂಡು ಕೂತಿರುತ್ತದೆ. ಒದ್ದೆ ನೆಲದ ಮೇಲೆ ನಿಂತು ನಲ್ಲಿ ಹಿಡಿದವರ ಮೈಯೇ ಆಮೇಲೆ ದಾರಿ. ಆಗ ಆರ್‌ಸಿಸಿಬಿ ಬಿದ್ದರೂ ಅದು ಶಾಕ್ ಹೊಡೆದ ಮೇಲಿನ ಮಾತು. ಹಳೆಯ ವಾಡೆ, ಚಾಳುಗಳಲ್ಲಿ ಕಬ್ಬಿಣದ ಜಿಐ ಪೈಪು ಗೋಡೆ, ನೆಲದೊಳಗೆ ಹಾದು ತಾನಾಗಿ ಒಂದಷ್ಟು ಅರ್ಥ್ ಕೊಡುತ್ತಿತ್ತು. ಈಗಿನ ಫ್ಲ್ಯಾಟುಗಳ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪಿನಲ್ಲಿ ಅದೂ ಇಲ್ಲ. ಆ ಒಂದು ಹಸಿರು ಅರ್ಥ್ ವೈರೇ ಎಲ್ಲ.

ಸ್ವಿಚ್ ಆಫ್ ಇದ್ದರೂ ಬೀಳುವುದು ಹೇಗೆ? ನಮ್ಮ ಗೀಸರ್ ಸ್ವಿಚ್ಚುಗಳು ಹೆಚ್ಚಾಗಿ ಫೇಸನ್ನು ಮಾತ್ರ ಕತ್ತರಿಸುತ್ತವೆ. ನ್ಯೂಟ್ರಲ್ ಕಾಯಿಲ್‌ಗೆ ಅಂಟಿಕೊಂಡೇ ಇರುತ್ತದೆ. ಕಾಯಿಲ್ ಮೈಗೆ ಸೋರುತ್ತಿದೆ ಅಂದರೆ ನ್ಯೂಟ್ರಲ್ಲೂ ಅರ್ಥೂ ಗೀಸರಿನೊಳಗೆ ಕೂಡಿಕೊಂಡಿವೆ ಅಂತಲೇ ಲೆಕ್ಕ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೋ ಮೈಕ್ರೋವೇವೋ ಓಡುವಾಗ ವಾಪಸ್ ಬರಬೇಕಾದ ಕರೆಂಟಿನಲ್ಲಿ ಒಂದು ಪಾಲು ಗೀಸರಿನ ಮೂಲಕ ಅರ್ಥಿಗೆ ಹೋಗುತ್ತದೆ, ಆರ್‌ಸಿಸಿಬಿಗೆ ಲೆಕ್ಕ ತಪ್ಪಿ ಬೀಳುತ್ತದೆ. ಅದಕ್ಕೇ ಪ್ಲಗ್ ಹೊರಗೆ ಎಳೆಯಿರಿ ಎಂದದ್ದು. ಒಂದು ಇಡೀ ದಿನ ಹಾಗೇ ಬಿಟ್ಟು ಉಳಿದದ್ದೆಲ್ಲ ಬಳಸಿ. ಒಮ್ಮೆಯೂ ಬೀಳದಿದ್ದರೆ ತಪ್ಪು ಗೀಸರಿನದೇ. ಬಿದ್ದರೆ ಫ್ರಿಜ್, ವಾಷಿಂಗ್ ಮಷೀನ್, ಗೋಡೆಯೊಳಗಿನ ವೈರಿಂಗ್ ಕಡೆ ನೋಡಬೇಕು.

ಶಾರ್ಟ್ ಅಥವಾ ಓವರ್‌ಲೋಡ್ ಆದರೆ ಬೀಳುವ ಎಂಸಿಬಿ ಬೀಳದಿರುವುದೂ ಒಂದು ಸುಳಿವು. 2000 ವ್ಯಾಟಿನ ಗೀಸರ್ 230 ವೋಲ್ಟಿಗೆ 8.7 ಆಂಪಿಯರ್ ಎಳೆಯುತ್ತದೆ. ಶಾರ್ಟ್ ಇಲ್ಲ, ಓವರ್‌ಲೋಡ್ ಇಲ್ಲ, ಇರುವುದು ಸೋರಿಕೆ ಮಾತ್ರ.

ಮಲ್ಟಿಮೀಟರ್ ಇದ್ದರೆ ಹೊರಗೆ ಎಳೆದ ಪ್ಲಗ್ಗಿನ ಪಿನ್ನುಗಳ ಮೇಲೆಯೇ ಅರ್ಧ ಪರೀಕ್ಷೆ ಮುಗಿಸಬಹುದು. ಗೀಸರಿನ ನಾಬ್ ಪೂರ್ತಿ ಬಿಸಿ ಕಡೆಗೆ ತಿರುಗಿಸಿ, ಮೀಟರನ್ನು 200 ಓಮಿಗೆ ಇಟ್ಟು ಕೆಳಗಿನ ಎರಡು ಪಿನ್ ಹಿಡಿಯಿರಿ. 230ನ್ನು 230ರಿಂದ ಗುಣಿಸಿ 2000ದಿಂದ ಭಾಗಿಸಿದರೆ 26.45. ಮೀಟರು 25ರಿಂದ 28ರೊಳಗೆ ತೋರಿಸಿದರೆ ಕಾಯಿಲ್ ತುಂಡಾಗಿಲ್ಲ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿರಬೇಕು, ಇಲ್ಲವೇ ಥರ್ಮೋಸ್ಟಾಟ್ ಅಥವಾ ಅತಿಯಾಗಿ ಕಾದಾಗ ಬೀಳುವ ಕಟ್‌ಔಟ್ ತೆರೆದುಕೊಂಡಿರಬೇಕು. ಆಮೇಲೆ ಮೀಟರನ್ನು 2 ಮೆಗಾಓಮಿಗೆ ತಿರುಗಿಸಿ, ಮೇಲಿನ ದಪ್ಪ ಅರ್ಥ್ ಪಿನ್ನಿಗೂ ಕೆಳಗಿನ ಒಂದು ಪಿನ್ನಿಗೂ ಹಿಡಿಯಿರಿ. ಇಲ್ಲಿ ಏನೂ ತೋರಿಸಬಾರದು. ಸಾವಿರಗಳಲ್ಲಿ ಬಂದರೆ ಸೋರಿಕೆ ಖಾತ್ರಿ. 30 ಮಿಲಿಆಂಪಿಗೆ ಬೇಕಾಗುವುದು 7,700 ಓಮ್ ಅಷ್ಟೇ.

ಈ ಪರೀಕ್ಷೆಯನ್ನು ತಣ್ಣಗಿದ್ದಾಗ ಒಮ್ಮೆ, ಟ್ರಿಪ್ ಆದ ತಕ್ಷಣ ಪ್ಲಗ್ ಎಳೆದು ಬಿಸಿ ಇರುವಾಗಲೇ ಇನ್ನೊಮ್ಮೆ ಮಾಡಿ. ಅದಕ್ಕಾಗಿ ಒಂದೇ ಒಂದು ಸಲ ಗೀಸರ್ ಹಾಕಬೇಕಾಗುತ್ತದೆ. ಆಗ ಬಾತ್‌ರೂಮಿಗೆ ಯಾರೂ ಹೋಗದಂತೆ ನೋಡಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಬೀಳುವ ಗೀಸರುಗಳಲ್ಲಿ ಸಂಶಯ ಎರಡರ ಮೇಲೆ. ಕಾಯಿಲ್‌ನ ಲೋಹದ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಕಾದಾಗ ಅದು ಅಗಲವಾಗಿ, ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ನೀರು ತಗಲುವುದು ಒಂದು. ಟ್ಯಾಂಕು ಕಾದು ಒತ್ತಡ ಏರಿದಾಗ ಗ್ಯಾಸ್ಕೆಟ್ಟಿನಿಂದ ಹನಿ ಜಿನುಗಿ ಟರ್ಮಿನಲ್ ಮೇಲೆ ಬೀಳುವುದು ಇನ್ನೊಂದು. ಪ್ಲಗ್ ಹೊರಗಿಟ್ಟು ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಗೆರೆ ಇಳಿದಿದ್ದರೆ ಗ್ಯಾಸ್ಕೆಟ್. ಒಣಗಿದ್ದರೆ ಕಾಯಿಲ್‌ನ ಎರಡೂ ವೈರ್ ಬಿಚ್ಚಿ, ಕಾಯಿಲ್ ತುದಿಗೂ ಟ್ಯಾಂಕಿನ ಲೋಹಕ್ಕೂ ಮೀಟರ್ ಹಿಡಿಯಿರಿ. ಇಲ್ಲಿಯೂ ಮೀಟರು ಏನಾದರೂ ತೋರಿಸಿದರೆ ಕಾಯಿಲ್ ಹೋಗಿದೆ. ಬರದಿದ್ದರೆ ತಪ್ಪು ಥರ್ಮೋಸ್ಟಾಟಿನಲ್ಲೋ ಕೇಬಲ್ಲಿನಲ್ಲೋ ಇದೆ.

ಒಂದು ಎಚ್ಚರಿಕೆ: ಮಲ್ಟಿಮೀಟರಿನ ಬ್ಯಾಟರಿ ಕೆಲವೇ ವೋಲ್ಟಿನದು. ಅದು "ಸರಿ ಇದೆ" ಎಂದದ್ದು 230 ವೋಲ್ಟಿಗೆ ಸೋರಬಹುದು. ಸಂಶಯ ಉಳಿದರೆ 500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟು ಕೊಟ್ಟು ಸೋರಿಕೆ ನೋಡುವ ಮೀಟರ್) ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ. 1 ಮೆಗಾಓಮಿಗಿಂತ ಕಡಿಮೆ ಬಂದ ಕಾಯಿಲ್ಲನ್ನು ಮತ್ತೆ ಹಾಕಿಸಬೇಡಿ.

ಸಾಕೆಟ್ಟನ್ನೂ ನೋಡಿ. 16 ಆಂಪಿನ ಸಾಕೆಟ್ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಸ್ಕ್ರೂ ಸಡಿಲ. ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಸುಟ್ಟಿರುವ ಇನ್ನೊಂದು ಹೊಸದನ್ನೂ ಸುಡುತ್ತದೆ.


ವಾಘೋಲಿ_ಬಿ_ವಿಂಗ್:

ತುಂಬಾ ಉಪಕಾರವಾಯಿತು. ಪ್ಲಗ್ ಹೊರಗಿಟ್ಟ ಮೇಲೆ ಒಮ್ಮೆಯೂ ಬಿದ್ದಿಲ್ಲ. ಪಿನ್ನುಗಳ ನಡುವೆ 27 ಓಮ್. ಅರ್ಥ್ ಪಿನ್ನಿಗೆ ತಣ್ಣಗಿದ್ದಾಗ ಏನೂ ಇಲ್ಲ, ಟ್ರಿಪ್ ಆದ ಕೂಡಲೇ ಹಿಡಿದರೆ 11 ಕಿಲೋಓಮ್. ಮುಚ್ಚಳದೊಳಗೆ ಟರ್ಮಿನಲ್ ಒಣಗಿದೆ, ಗ್ಯಾಸ್ಕೆಟ್ ಅಂಚಿನಲ್ಲಿ ಮಾತ್ರ ಸ್ವಲ್ಪ ಬಿಳಿ ಹುಡಿ. ವೈರ್ ಬಿಚ್ಚಿ ಕಾಯಿಲ್ ಮೇಲೆ ಹಿಡಿದಾಗಲೂ ಅದೇ 11. ಹೊಸ ಕಾಯಿಲ್ ಹಾಕಿಸಿದರೆ ಎಷ್ಟು ದಿನ ಬಂದೀತು, ನೀರು ಇದೇ ಇರುವಾಗ?


ಕರ್ವೆನಗರ_ಎಲೆಕ್ಟ್ರಿಕಲ್:

11 ಕಿಲೋಓಮ್ ಅಂದರೆ 230 ವೋಲ್ಟಿಗೆ ಸುಮಾರು 21 ಮಿಲಿಆಂಪು. ಬೀಳುವುದು ಸಹಜವೇ. ಕಾಯಿಲ್ ಹೋಗಿದೆ, ಬದಲಿಸಿ. ನೀರಿನ ವಿಷಯ ಗೊತ್ತಿರುವವರು ಹೇಳಲಿ.


ಗೋಕಾಕ_ಪ್ಲಂಬಿಂಗ್_ಪುಣೆ:

ಸರ, ಕಾಯಿಲ್ ಹೋಗಿದ್ದು ಕಾಯಿಲ್‌ದ ತಪ್ಪಿಗಲ್ಲ, ನೀರಿಂದ. ಖಡಕ್‌ವಾಸಲಾ ಧರಣದ ನೀರು ಬರೂ ಪೇಠಗಳೊಳಗ ಇಷ್ಟು ತ್ರಾಸ ಇರೂದಿಲ್ರಿ. ಪುಣೆ ಸುತ್ತ ಕಪ್ಪು ಬಸಾಲ್ಟ್ ಕಲ್ಲು, ಅದರ ಸೀಳಿನಾಗಿಂದ ಬರೂ ಬೋರಿನ ನೀರು ಗಡಸು. ಬಿಸಿ ಮಾಡಿದ ಕೂಡಲೇ ನೀರಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡದು ಸುಣ್ಣಾಗಿ ಹೊರಗ ಬೀಳತೈತಿ. ಎಲ್ಲಿ ಭಾಳ ಬಿಸಿ ಐತಿ ಅಲ್ಲೇ ಮೊದಲ ಕೂಡತೈತಿ, ಅಂದ್ರ ಕಾಯಿಲ್ ಮ್ಯಾಲ. ಬೆರಳಿನಷ್ಟು ದಪ್ಪ ಪದರ ಆತು ಅಂದ್ರ ಕಾಯಿಲ್‌ದ ಶಾಖ ನೀರಿಗೆ ಲಗೂ ಹೋಗಂಗಿಲ್ಲ, ಕೊಳವಿ ಕಾದು ಕಾದು ಸೀಳತೈತಿ. ಕಟಕಟ ಸಪ್ಪಳ ಅಂದ್ರಲ್ಲ, ಪದರದ ಒಳಗ ಸಿಕ್ಕ ನೀರು ಉಗಿಯಾಗಿ ಒಡಿಯೂ ಸಪ್ಪಳ ಅದು.

ಟಿಡಿಎಸ್ 900 ಅಂತ ನೋಡಿ ಗಡಸುತನ ಹೇಳಾಕ ಬರೂದಿಲ್ರಿ. ಅದರಾಗ ಉಪ್ಪೂ ಬರತೈತಿ, ಸುಣ್ಣಾನೂ ಬರತೈತಿ. ಹನಿ ಹಾಕಿ ಬಣ್ಣ ನೋಡೂ ಹಾರ್ಡ್‌ನೆಸ್ ಕಿಟ್ ತರಸ್ರಿ. ಕುಡಿಯೂ ನೀರಿನ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಮಟ ಚಲೋ, ಬ್ಯಾರೆ ನೀರ ಇಲ್ಲಂದ್ರ 600 ಮಟ ನಡಿತೈತಿ. ಅದು ಕುಡಿಯೂ ಲೆಕ್ಕ. ಗೀಸರಿಗೆ 200 ದಾಟಿದ್ರನ ವರ್ಷಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡೂದು ಗ್ಯಾರಂಟಿ.

ಈಗ ಬಿಚ್ಚೂ ರೀತಿ. ಎಂಸಿಬಿ ಇಳಸ್ರಿ, ಪ್ಲಗ್ ತಗೀರಿ. ನೀರು ತಣ್ಣಗ ಆಗಲಿ, ಗಡಬಡಿ ಬ್ಯಾಡ. ಗೀಸರಿಗೆ ನೀರು ಬರೂ ಆಂಗಲ್ ಕಾಕ್ (ಗ್ವಾಡಿಗಿರೂ ಸಣ್ಣ ವಾಲ್ವ್) ಮುಚ್ಚಿ, ಬಿಸಿನೀರಿನ ನಲ್ಲಿ ತಗದು ಒತ್ತಡ ಇಳಸ್ರಿ. ಕೆಳಗ ಬಕೆಟ್ ಹಿಡದು ತಣ್ಣೀರಿನ ಹೋಸ್ ಬಿಚ್ರಿ. ಬಿಸಿ ಕಡೆ ಹೋಸೂ ಸಡಿಲ ಮಾಡಿದ್ರ ಮ್ಯಾಲಿಂದ ಗಾಳಿ ಹೊಕ್ಕು ನೀರು ಪೂರ್ತಿ ಇಳಿತೈತಿ. ವೈರಿಂಗ್‌ದು ಒಂದು ಫೋಟೋ ತಗೊಂಡು, ಥರ್ಮೋಸ್ಟಾಟಿನ ಕಡ್ಡಿ ಸೀದಾ ಎಳೀರಿ, ಮಣಸಬ್ಯಾಡ್ರಿ. ಆಮ್ಯಾಲ ಕಾಯಿಲ್ ಹಿಡದಿರೂ ಫ್ಲ್ಯಾಂಜಿನ ನಟ್ಟು ಎದರಾಬದರ ಸ್ವಲ್ಪ ಸ್ವಲ್ಪ ಸಡಿಲ ಮಾಡ್ರಿ. ಸುಣ್ಣ ಭಾಳ ಕಟ್ಟಿದ್ರ ಕಾಯಿಲ್ ಕಿಂಡಿಯಾಗ ಸಿಕ್ಕಿಕೊಳ್ಳತೈತಿ. ಆಗ ಜಗ್ಗಬ್ಯಾಡ್ರಿ, ಅತ್ತಿತ್ತ ತಿರುವಿ ಪದರ ಉದುರಿಸಿ ತಗೀರಿ. ಗ್ಲಾಸ್ ಲೈನ್ಡ್ ಟ್ಯಾಂಕಿಗೆ ಸುತ್ತಿಗಿ, ಸ್ಕ್ರೂಡ್ರೈವರ್ ತಗಲಿಸಿದ್ರ ಒಳಗಿನ ಗಾಜಿನ ಪದರ ಸಿಡಿತೈತಿ, ಸಿಡದಲ್ಲೇ ಮುಂದ ತುಕ್ಕು ಹಿಡದು ತೂತು. ಒಳಗಿನ ಸುಣ್ಣದ ಚೂರು ಕೈಲೆ ತಗದು, ಹೋಸಿನಿಂದ ನೀರು ಬಿಟ್ಟು ತೊಳೀರಿ.

ಥರ್ಮೋಸ್ಟಾಟಿನ ಕಡ್ಡಿ ಹೋಗೂ ಕೊಳವಿ ಮ್ಯಾಲಿನ ಸುಣ್ಣಾನೂ ತಗೀರಿ, ಇದನ್ನ ಭಾಳ ಮಂದಿ ಮರೀತಾರ. ಆ ಕೊಳವಿಗೂ ಕಾಯಿಲ್‌ಗೂ ನಡುವ ಸುಣ್ಣ ಸೇತುವೆ ಕಟ್ಟಿತು ಅಂದ್ರ ಕಾಯಿಲ್ ಬಿಸಿ ಸೀದಾ ಕಡ್ಡಿಗೆ ತಾಗತೈತಿ. ಟ್ಯಾಂಕಿನ ನೀರು ಇನ್ನೂ ಉಗುರು ಬೆಚ್ಚಗ ಇದ್ದಾಗನ ಥರ್ಮೋಸ್ಟಾಟ್ ಕಟ್ ಆಗತೈತಿ. ನಿಮಗ ಬಿಸಿನೀರು ಕಮ್ಮಿ ಬರೂದಕ್ಕ ಇದೂ ಒಂದು ಕಾರಣ ಇರಬೇಕು.

ಹಳೇ ಕಾಯಿಲ್ ಜೋಡಿ ತಗೊಂಡ ಅಂಗಡಿಗೆ ಹೋಗ್ರಿ. ಬುಧವಾರ ಪೇಠದ ತಾಪಕೀರ ಗಲ್ಲಿಯೊಳಗ ಸಿಗತಾವ. ವ್ಯಾಟ್, ಫ್ಲ್ಯಾಂಜಿನ ಆಕಾರ, ಕಾಯಿಲ್ ಉದ್ದ, ಆನೋಡ್ ಕಡ್ಡಿ ಕೂಡೂ ಜಾಗ, ನಾಲ್ಕೂ ಹೊಂದಬೇಕು. ಗಡಸು ನೀರಿಗೆ ತಾಮ್ರದ ಕೊಳವಿ ಬ್ಯಾಡ, ಇಂಕೊಲಾಯ್ (ನಿಕ್ಕಲ್ ಕೂಡಿದ ಮಿಶ್ರಲೋಹ) ಕೇಳ್ರಿ. ಹೊಸಾ ಗ್ಯಾಸ್ಕೆಟ್, ಹೊಸಾ ಮೆಗ್ನೀಸಿಯಂ ಆನೋಡ್ ಜೊತಿಗೇ ತಗೊಳ್ರಿ. ಆನೋಡ್ ಅಂದ್ರ ಟ್ಯಾಂಕಿನ ಬದಲಿ ತಾನು ಸವಿಯೂ ಕಡ್ಡಿ. ಆರು ವರ್ಷ ನೋಡಿಲ್ಲಂದ್ರ ಈಗ ನಡುವಿನ ಕಬ್ಬಿಣದ ತಂತಿ ಅಷ್ಟ ಉಳಿದಿರತೈತಿ.

ಕಾಯಿಲ್ ಚಲೋ ಇದ್ದು ಬರೇ ಸುಣ್ಣ ಕಟ್ಟಿದವರು ಅದನ್ನ ಹೊರಗ ತಗದು, ಲೀಟರ್ ಬೆಚ್ಚನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಎರಡು ಮೂರು ತಾಸು ನೆನೆ ಇಡ್ರಿ. ಕಿರಾಣಿ ಅಂಗಡಿಯಾಗ ನಿಂಬೆ ಉಪ್ಪು ಅಂತ ಸಿಗತೈತಿ. ಟರ್ಮಿನಲ್ ಕಡೆ ತುದಿ ಮುಳುಗಬಾರದು. ಆನೋಡ್ ಮೊದಲ ತಗೀರಿ, ಇಲ್ಲಂದ್ರ ಅದನ್ನೂ ತಿಂತೈತಿ. ಸಂಡಾಸಿಗೆ ಹಾಕೂ ಆಸಿಡ್ ಮಾತ್ರ ಖಂಡಿತ ಬ್ಯಾಡ. ಅದು ಹೈಡ್ರೋಕ್ಲೋರಿಕ್, ಕೊಳವಿಗೆ ಸೂಜಿಮೊನಿಯಷ್ಟು ತೂತು ಕೊರಿತೈತಿ.


ಡೊಂಬಿವಲಿ_ನಳ:

ಗೋಕಾಕದ ಅಣ್ಣನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಬಿಸಿನೀರು ಕಡಿಮೆ ಅನ್ನುವುದಕ್ಕೆ ಮೊದಲು ಒಂದು ಲೆಕ್ಕ ನೋಡಿ. ಮೇಲಿನ ಟ್ಯಾಂಕಿನಿಂದ ಬರುವ ನೀರು 20 ಡಿಗ್ರಿ, ಸ್ನಾನಕ್ಕೆ 40 ಡಿಗ್ರಿ ಅಂದುಕೊಳ್ಳಿ. ಗೀಸರಿನ 15 ಲೀಟರು 75 ಡಿಗ್ರಿಗೆ ಕಾದರೆ ತಣ್ಣೀರು ಬೆರೆಸಿ 41 ಲೀಟರ್ ಆಗುತ್ತದೆ, ಎರಡು ಬಕೆಟ್. 60ಕ್ಕೆ ಕಾದರೆ 30 ಲೀಟರ್, ಒಂದೂವರೆ ಬಕೆಟ್. 75ಕ್ಕೆ ಇಟ್ಟರೆ ಸುಣ್ಣ ಬೇಗ ಕಟ್ಟುತ್ತದೆ, ಮಕ್ಕಳ ಮೈ ಸುಡುವ ಭಯವೂ ಇದೆ. ತೀರಾ ಕೆಳಗೆ, 45-50ಕ್ಕೆ ಇಟ್ಟರೆ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತವೆ. 60 ಸರಿಯಾದ ಜಾಗ. ಎರಡನೇ ಸ್ನಾನಕ್ಕೆ ಇಪ್ಪತ್ತು ನಿಮಿಷ ಬಿಡಿ. 2000 ವ್ಯಾಟಿಗೆ 15 ಲೀಟರನ್ನು 20ರಿಂದ 60ಕ್ಕೆ ತರಲು 21 ನಿಮಿಷ ಬೇಕು. ನಿಮ್ಮದು 35-40 ನಿಮಿಷ ತೆಗೆದುಕೊಂಡರೆ ವೋಲ್ಟೇಜ್ ಕಡಿಮೆ, ಇಲ್ಲವೇ ತಣ್ಣೀರು ಎಲ್ಲೋ ಕಳ್ಳದಾರಿಯಲ್ಲಿ ಸೇರುತ್ತಿದೆ.

ಕಳ್ಳದಾರಿ ಹಿಡಿಯುವುದು ಸುಲಭ. ಗೀಸರಿಗೆ ಬರುವ ಆಂಗಲ್ ಕಾಕ್ ಪೂರ್ತಿ ಮುಚ್ಚಿ, ಬಿಸಿ, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿ ಬಿಡಿ. ಪೈಪಿನಲ್ಲಿ ಉಳಿದದ್ದು ಸುರಿದು ಹರಿವು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಮಿಕ್ಸರಿನೊಳಗಿನ ಕಾರ್ಟ್ರಿಜ್ ಸವೆದು ತಣ್ಣೀರು ಬಿಸಿ ಪೈಪಿಗೆ ದಾಟುತ್ತಿದೆ. ಗೋಡೆಯೊಳಗಿನ ಡೈವರ್ಟರಿನಲ್ಲೂ ಇದೇ ತೊಂದರೆ ಬರುತ್ತದೆ. ಕಾರ್ಟ್ರಿಜ್ಜನ್ನು ಬಿಚ್ಚಿ ಅಳತೆಗೆ ಒಯ್ಯಿರಿ, 35 ಮತ್ತು 40 ಮಿಲಿಮೀಟರಿನವು ನೋಡಲು ಒಂದೇ ಥರ ಇರುತ್ತವೆ. ಗೀಸರ್ ಬಿಚ್ಚುವ ಮೊದಲೇ ಈ ಪರೀಕ್ಷೆ ಮಾಡಿ, ಬಿಚ್ಚಿದ ಮೇಲೆ ಆಗುವುದಿಲ್ಲ.

ವಾಲ್ವಿನ ಹನಿ: 15 ಲೀಟರ್ 20ರಿಂದ 60ಕ್ಕೆ ಕಾದರೆ ನೀರು ಹಿಗ್ಗಿ ಸುಮಾರು 230 ಮಿಲಿ ಹೆಚ್ಚಾಗುತ್ತದೆ. ತಣ್ಣೀರಿನ ಕಡೆ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಇದ್ದರೆ ಆ ಒಂದು ಲೋಟ ನೀರು ಸೇಫ್ಟಿ ವಾಲ್ವಿನಿಂದಲೇ ಹೊರಗೆ ಬರಬೇಕು. ಕಾಯುವಾಗ ಮಾತ್ರ ಹನಿಸಿದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಗೀಸರ್ ಆಫ್ ಇದ್ದಾಗಲೂ ಹನಿಸಿದರೆ ಸೀಟಿನಲ್ಲಿ ಮರಳೋ ಸುಣ್ಣವೋ ಸಿಕ್ಕಿದೆ. ವಾಲ್ವಿನ ಚಿಕ್ಕ ಹಿಡಿಯನ್ನು ನಾಲ್ಕೈದು ಸಲ ಎತ್ತಿ ಬಿಟ್ಟರೆ ತೊಳೆದು ಹೋಗುತ್ತದೆ. ಆಗಲೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಸಾಧಾರಣವಾಗಿ 8 ಬಾರ್ ಒತ್ತಡಕ್ಕೆ ತೆರೆದುಕೊಳ್ಳುವ ವಾಲ್ವ್ ಬರುತ್ತದೆ, ಹಳೆಯದರ ಮೇಲೆ ಬರೆದದ್ದನ್ನು ನೋಡಿ ಅದೇ ತನ್ನಿ. ಹನಿ ಕಿರಿಕಿರಿ ಅಂತ ಅದರ ಬಾಯಿಗೆ ಪ್ಲಗ್ ಬಡಿಯುವವರಿದ್ದಾರೆ. ಥರ್ಮೋಸ್ಟಾಟ್ ಅಂಟಿಕೊಂಡ ದಿನ ಟ್ಯಾಂಕು ಒಡೆಯುವುದನ್ನು ತಡೆಯುವುದು ಆ ಬಾಯಿಯೇ. ಒಂದು ಸಣ್ಣ ಪೈಪು ಹಾಕಿ ಮೋರಿಗೆ ಇಳಿಸಿ ಬಿಡಿ.

ಮೇಲಿನ ಟ್ಯಾಂಕಿಗೂ ನಿಮ್ಮ ಮನೆಗೂ 10 ಮೀಟರ್ ಎತ್ತರವಿದ್ದರೆ 1 ಬಾರ್ ಒತ್ತಡ. ಇಪ್ಪತ್ತು ಮಹಡಿಯ ಕಟ್ಟಡದ ಕೆಳಗಿನ ಮನೆಗಳಲ್ಲಿ 6 ಬಾರ್ ಆಗುತ್ತದೆ. ಅಂಥಲ್ಲಿ ಪ್ರೆಷರ್ ರೆಡ್ಯೂಸಿಂಗ್ ವಾಲ್ವ್ ಹಾಕದೆ ಕಡಿಮೆ ಒತ್ತಡದ ಗೀಸರ್ ಕೂರಿಸಬಾರದು.


ವಾಸ್ಕೋ_ವೈರಿಂಗ್:

ಗೋವಾದಿಂದ ಓದುತ್ತಿರುವವರಿಗೆ ಒಂದು ಮಾತು. ನಮ್ಮ ಕಡೆ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಮೃದು, ಸುಣ್ಣ ಕಟ್ಟುವುದಿಲ್ಲ, ಆದರೆ ಸ್ವಲ್ಪ ಹುಳಿ ಮತ್ತು ಕಬ್ಬಿಣ. ಸುಣ್ಣದ ಬದಲು ಕೆಂಪು ಗಸಿ ಕೂರುತ್ತದೆ, ಲೋಹ ಸವೆಯುತ್ತದೆ. ಸಿಟ್ರಿಕ್ ಆಸಿಡ್ಡಿಗಿಂತ ಆನೋಡ್ ಕಡೆ ಗಮನ ಕೊಡಿ. ಸಮುದ್ರದ ಗಾಳಿಗೆ ಟರ್ಮಿನಲ್ ಸ್ಕ್ರೂಗಳೂ ಹಸಿರು ಹಿಡಿಯುತ್ತವೆ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡಿ.


ವಾಘೋಲಿ_ಬಿ_ವಿಂಗ್:

ಆಂಗಲ್ ಕಾಕ್ ಪರೀಕ್ಷೆ ಮಾಡಿದೆ, ಹರಿವು ನಿಂತಿತು. ಮಿಕ್ಸರ್ ಸರಿ ಇದೆ. ಗ್ಯಾಸ್ ಗೀಸರ್ ಬಗ್ಗೆ ಯಾರೂ ಹೇಳಲಿಲ್ಲ. ಬಾತ್‌ರೂಮಿಗೆ ಒಂದು ಚಿಕ್ಕ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಇವೆ.


ಪಿಂಪ್ರಿ_ಗ್ಯಾಸ್_ಫಿಟ್ಟಿಂಗ್:

ಬಾತ್‌ರೂಮಿನೊಳಗೆ ಬೇಡವೇ ಬೇಡ. ಕಿಟಕಿ ಇದೆ ಅಂದರೂ ಬೇಡ.

ನಿಮಿಷಕ್ಕೆ 6 ಲೀಟರಿನ ಗೀಸರ್ ನೀರನ್ನು 25 ಡಿಗ್ರಿ ಏರಿಸಲು ನೀರಿಗೇ ಹತ್ತೂವರೆ ಕಿಲೋವ್ಯಾಟ್ ಶಾಖ ಕೊಡಬೇಕು. ಅಷ್ಟಕ್ಕೆ ಉರಿಸುವ ಗ್ಯಾಸು 12 ಕಿಲೋವ್ಯಾಟಿನದು, ಅಡುಗೆ ಒಲೆಯ ನಾಲ್ಕೈದು ಬರ್ನರ್ ಒಟ್ಟಿಗೆ ಹಚ್ಚಿದಂತೆ. 1 ಘನ ಮೀಟರ್ ಪೈಪ್ ಗ್ಯಾಸ್ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ನಮ್ಮ ಫ್ಲ್ಯಾಟುಗಳ 5 ಅಡಿ, 8 ಅಡಿಯ ಬಾತ್‌ರೂಮಿನಲ್ಲಿ ಇರುವುದೇ 9 ಘನ ಮೀಟರ್ ಗಾಳಿ. ಇಪ್ಪತ್ತು ನಿಮಿಷ ಗೀಸರ್ ಓಡಿದರೆ ಮೂರೂವರೆ ಘನ ಮೀಟರಿಗೂ ಹೆಚ್ಚು ಗಾಳಿ ಉರಿದು ಹೋಗುತ್ತದೆ. ಚಳಿಗೆ ಕಿಟಕಿ ಮುಚ್ಚಿರುತ್ತದೆ, ಬಾಗಿಲು ಹಾಕಿರುತ್ತದೆ. ಆಮ್ಲಜನಕ ಕಡಿಮೆಯಾದ ಹಾಗೆ ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಅಂಟುತ್ತದೆ. ತಲೆನೋವು, ತಲೆ ಸುತ್ತು, ಕೈಕಾಲು ಸೋಲುವುದು, ಆಮೇಲೆ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಮಹಾರಾಷ್ಟ್ರದ ಚಳಿಗಾಲದ ಪೇಪರುಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಎಕ್ಸಾಸ್ಟ್ ಫ್ಯಾನಿನ ಮೇಲೂ ಭರವಸೆ ಇಡಬೇಡಿ. ಗಾಳಿ ಒಳಗೆ ಬರುವ ದಾರಿ ಇಲ್ಲದಿದ್ದರೆ ಅದು ಹೊಗೆಯನ್ನೇ ಕೆಳಕ್ಕೆ ಎಳೆಯಬಹುದು.

ಹಾಕಿಸುವುದೇ ಆದರೆ ತೆರೆದ ಡ್ರೈ ಬಾಲ್ಕನಿಯಲ್ಲಿ, ಗಾಜು ಹಾಕಿ ಮುಚ್ಚಿರದ ಕಡೆ ಕೂರಿಸಿ, ಬಿಸಿನೀರಿನ ಪೈಪು ಮಾತ್ರ ಬಾತ್‌ರೂಮಿಗೆ ತನ್ನಿ. ಪೈಪ್ ಗ್ಯಾಸಿಗೆ ಪೈಪ್ ಗ್ಯಾಸಿನ ನಾಝಲ್ ಇರುವ ಗೀಸರೇ ಬೇಕು. ಸಿಲಿಂಡರಿನದರಲ್ಲಿ ತೂತು ಸಣ್ಣದು, ಒತ್ತಡವೂ ಬೇರೆ. ಲೈನಿನಿಂದ ಹೊಸ ಸಂಪರ್ಕವನ್ನು ಗ್ಯಾಸ್ ಕಂಪನಿಯವರಿಂದಲೇ ಮಾಡಿಸಿ, ಅಡುಗೆಮನೆಯ ರಬ್ಬರ್ ಪೈಪಿಗೆ ಟೀ ಜಾಯಿಂಟ್ ಹಾಕಿಸಿ ಕವಲು ತೆಗೆಸಬೇಡಿ.

ಈಗಾಗಲೇ ಇಟ್ಟುಕೊಂಡವರಿಗೆ: ನಲ್ಲಿ ಬಿಟ್ಟರೂ ಟಿಕ್ ಟಿಕ್ ಕಿಡಿಯೇ ಇಲ್ಲ ಅಂದರೆ ಮೊದಲು ಎರಡು ದಪ್ಪ ಬ್ಯಾಟರಿ ಬದಲಿಸಿ, ಆಮೇಲೆ ನೀರು ಒಳಬರುವ ಕಡೆಯ ಜಾಲರಿ ತೊಳೆಯಿರಿ. ಆಗಲೂ ಇಲ್ಲದಿದ್ದರೆ ನೀರಿನ ಒತ್ತಡ ಸಾಲುತ್ತಿಲ್ಲ, ಅಥವಾ ಒಳಗಿನ ರಬ್ಬರ್ ಡಯಾಫ್ರಾಮ್ ಹರಿದಿದೆ. ಕಿಡಿ ಬರುತ್ತದೆ, ಉರಿ ಹತ್ತುವುದಿಲ್ಲ ಅಂದರೆ ನೀರಿನ ಭಾಗ ಸರಿ ಇದೆ, ಗ್ಯಾಸಿನ ಕಡೆ ನೋಡಿ. ಹತ್ತಿ ಕೆಲವು ಸೆಕೆಂಡಿಗೆ ಆರಿದರೆ ಉರಿ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿದೆ ಅಥವಾ ಬ್ಯಾಟರಿ ಬಲ ಕುಂದಿದೆ. ಉರಿ ನೀಲಿ ಇರಬೇಕು. ಹಳದಿಯಾಗಿ ಓಲಾಡಿದರೆ ಆ ಕ್ಷಣಕ್ಕೆ ಬಂದ್ ಮಾಡಿ, ಬರ್ನರ್ ಸ್ವಚ್ಛ ಮಾಡಿಸುವ ತನಕ ಹಚ್ಚಬೇಡಿ.


ವಾಘೋಲಿ_ಬಿ_ವಿಂಗ್:

ನಮ್ಮ ಬಾಲ್ಕನಿಗೆ ಗಾಜು ಹಾಕಿದೆ, ಹಾಗಾದರೆ ಗ್ಯಾಸಿನ ಯೋಚನೆ ಬಿಟ್ಟೆ. ಕಾಯಿಲ್, ಗ್ಯಾಸ್ಕೆಟ್, ಆನೋಡ್ ತರುತ್ತೇನೆ. ಜೋಡಿಸಿದ ಮೇಲೆ ಕರೆಂಟ್ ಕೊಡುವ ಮೊದಲು ಏನೇನು ನೋಡಬೇಕು? ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದರೆ ಉಪಯೋಗ ಇದೆಯೇ?


ಗೋಕಾಕ_ಪ್ಲಂಬಿಂಗ್_ಪುಣೆ:

ಸಾಫ್ಟ್‌ನರ್ ಉಪಯೋಗ ಐತ್ರಿ, ಆದ್ರ ಟಿಡಿಎಸ್ ಇಳಿಲಿಲ್ಲ ಅಂತ ಆಮ್ಯಾಲ ಬೇಜಾರ ಆಗಬ್ಯಾಡ್ರಿ. ಅದು ಕ್ಯಾಲ್ಸಿಯಂ ತಗದು ಸೋಡಿಯಂ ಬಿಡತೈತಿ ಅಷ್ಟ. ಹೊತ್ತಿಗೆ ಸರಿಯಾಗಿ ಉಪ್ಪು ಹಾಕಿ ರೀಜನರೇಟ್ ಮಾಡಿಲ್ಲಂದ್ರ ಇದ್ದೂ ಇಲ್ಲದಂಗ. ಸೊಸೈಟಿಯವರೆಲ್ಲ ಕೂಡಿ ಟ್ಯಾಂಕಿಗೇ ದೊಡ್ಡದು ಹಾಕಿಸಿದ್ರ ಭಾಳ ಚಲೋ.


ಕರ್ವೆನಗರ_ಎಲೆಕ್ಟ್ರಿಕಲ್:

ಫ್ಲ್ಯಾಂಜಿನ ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಂದೇ ಬದಿ ಪೂರ್ತಿ ಬಿಗಿದರೆ ಗ್ಯಾಸ್ಕೆಟ್ ಓರೆಯಾಗಿ ಕೂತು ಜಿನುಗುತ್ತದೆ. ಪ್ಲಗ್ ಇನ್ನೂ ಹೊರಗೇ ಇರಲಿ. ಆಂಗಲ್ ಕಾಕ್ ತೆರೆದು, ಬಿಸಿನೀರಿನ ನಲ್ಲಿ ಬಿಟ್ಟು, ಮೊದಲು ಬರುವ ಗಾಳಿಯ ಬುಸಬುಸ ಮುಗಿದು ಧಾರೆ ಒಂದೇ ಸಮ ಬೀಳುವ ತನಕ ಕಾಯಿರಿ. ಅರ್ಧ ತುಂಬಿದ ಟ್ಯಾಂಕಿಗೆ ಕರೆಂಟು ಕೊಟ್ಟರೆ ಹೊಸ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ನಲ್ಲಿ ಮುಚ್ಚಿ ಅರ್ಧ ಗಂಟೆ ಬಿಟ್ಟು, ಒಣಗಿದ ಟಿಶ್ಯೂ ಕಾಗದವನ್ನು ಗ್ಯಾಸ್ಕೆಟ್ ಸುತ್ತ ಒತ್ತಿ ನೋಡಿ. ಒದ್ದೆಯಾಗಬಾರದು.

ಆಮೇಲೆ ಅರ್ಥ್ ವೈರನ್ನು ಕೈಯಿಂದ ಎಳೆದು ನೋಡಿ, ಅಲುಗಬಾರದು. ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಟ್ಯಾಂಕಿನ ಲೋಹಕ್ಕೆ ಮೀಟರ್ ಹಿಡಿದರೆ 1 ಓಮಿನೊಳಗೆ ಬರಬೇಕು. ಉಳಿದ ಪಿನ್ನುಗಳಿಂದ ಅರ್ಥಿಗೆ ಏನೂ ಬರಬಾರದು. ಸಾಕೆಟ್ಟಿನಲ್ಲಿ ಫೇಸಿನಿಂದ ಅರ್ಥಿಗೆ 230ರ ಸುತ್ತ, ನ್ಯೂಟ್ರಲಿನಿಂದ ಅರ್ಥಿಗೆ ಎರಡು ಮೂರು ವೋಲ್ಟಿನೊಳಗೆ ಸಿಗಬೇಕು. ಸಾಕೆಟ್ ಪರೀಕ್ಷೆ ಕರೆಂಟ್ ಇರುವಾಗ ಮಾಡುವಂಥದ್ದು, ರೂಢಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ. ಆ ಅರ್ಥಿಂಗ್ ಬಿಚ್ಚೋಣ ಎಂದವರಿಂದ ಮಾತ್ರ ಬೇಡ.

ಆರ್‌ಸಿಸಿಬಿಯ ಮೇಲಿರುವ ಟಿ (ಟೆಸ್ಟ್) ಬಟನ್ ಒಮ್ಮೆ ಒತ್ತಿ, ತಕ್ಷಣ ಬೀಳಬೇಕು. ಬೀಳದಿದ್ದರೆ ಗೀಸರಿಗಿಂತ ಮೊದಲು ಅದನ್ನು ಬದಲಿಸಿ. ಇದೆಲ್ಲ ಆದ ಮೇಲೆ ಪ್ಲಗ್ ಹಾಕಿ, ನಾಬ್ 60ಕ್ಕೆ ಇಟ್ಟು, ಥರ್ಮೋಸ್ಟಾಟ್ ತಾನಾಗಿ ಕಟ್ ಆಗುವ ತನಕ ಹೊರಗೆ ನಿಂತು ನೋಡಿ. ಮೊದಲ ಬಿಸಿ ಆರಿದ ಮೇಲೆ ಪ್ಲಗ್ ಎಳೆದು ಫ್ಲ್ಯಾಂಜಿನ ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿ. ಹೊಸ ರಬ್ಬರ್ ಒಮ್ಮೆ ಕಾದರೆ ಸ್ವಲ್ಪ ಕುಗ್ಗುತ್ತದೆ.